ಶ್ರವಣವು ದಾನವೋ, ಋಣವೋ?

ಕಳೆದ ಚಾತುರ್ಮಾಸ್ಯದಲ್ಲಿ ಐರೋಲಿಯ ನಮ್ಮ ಬಡಾವಣೆಯ ಮಕ್ಕಳಿಗಾಗಿ ಸ್ತೋತ್ರಪಠನದ ಸ್ಪರ್ಧೆಯೊಂದನ್ನು ಏರ್ಪಡಿಸಲಾಗಿತ್ತು. ನಿರ್ವಹಣೆಯ ಭಾರ ನನ್ನದು. ಹನ್ನೊಂದು ವರ್ಷದ ಬಾಲಕನೊಬ್ಬನು ಗಾಲಿಕುರ್ಚಿಯಲ್ಲಿ ಬಂದು ದ್ವಾದಶಸ್ತೋತ್ರದ ಮೊದಲ ಅಧ್ಯಾಯವನ್ನು ಆರಂಭಿಸಿದನು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವುದರಿಂದ ಅವನ ನಾಲಿಗೆ ನಿಧಾನವಾಗಿ ಹೊರಳುತ್ತದೆ. ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಳ್ಳಬೇಕು. ಎರಡು ಶ್ಲೋಕಗಳಾಗುವಷ್ಟರಲ್ಲಿ ನಾನು ಗಡಿಯಾರ ನೋಡಿದೆನು. ರೈಲ್ವೆಯಲ್ಲಿ ಮೂವತ್ತಾರು ವರ್ಷ ಸಮಯಪಾಲನೆಯನ್ನೇ ವ್ರತವಾಗಿ ನಡೆಸಿದವನು ನಾನು. "ಶಹಬ್ಬಾಸ್!" ಎಂದು ಚಪ್ಪಾಳೆ ತಟ್ಟಿದೆನು, ಸಭೆಯೂ ತಟ್ಟಿತು. ಅವನ ಪುಟ್ಟ ತಂಗಿಯೊಬ್ಬಳೇ, "ಅಜ್ಜಾ, ಅಣ್ಣಂದು ಇನ್ನೂ ಮುಗಿದಿಲ್ಲ" ಎಂದಳು. ನಾನು ನಕ್ಕು ಮುಂದಿನ ಹೆಸರನ್ನು ಕರೆದೆನು. ಅವನಿಗೆ ವಿಶೇಷ ಬಹುಮಾನವನ್ನೂ ಕೊಟ್ಟೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಅವರ ಮನೆಗೆ ಹೋಗಿ, ಹುಡುಗನು ಎದುರಿಗೇ ಕುಳಿತಿರುವಾಗ ಅವನ ತಾಯಿಯನ್ನು ಕೇಳಿದೆನು: "ಇವನಿಗೆ ಬೇಸರ ಆಯಿತೇನಮ್ಮಾ?" ಆಕೆ ಸೌಮ್ಯವಾಗಿಯೇ, "ಅವನನ್ನೇ ಕೇಳ್ರಿ ಕಾಕಾ" ಎಂದರು. ಒಂದೇ ದಿನದಲ್ಲಿ ಎರಡನೆಯ ತಪ್ಪು! ಹುಡುಗನು ಸಾಕಷ್ಟು ಹೊತ್ತು ತೆಗೆದುಕೊಂಡು ಹೇಳಿದನು: "ನನಗ ಬಹುಮಾನ ಬ್ಯಾಡಾಗಿತ್ತು ಅಜ್ಜಾ. ಪೂರ್ತಿ ಹೇಳಬೇಕಾಗಿತ್ತು."

ಇಲ್ಲಿ ವಿಚಾರಾರ್ಹವಾದ ಪ್ರಶ್ನೆಯೊಂದಿದೆ. ನಮ್ಮ ಸಭೆಯಲ್ಲಿ ದಯೆಗೆ ಕೊರತೆಯಿರಲಿಲ್ಲ. ಹಾಗಿದ್ದರೂ ಆ ಬಾಲಕನಿಗೆ ಅನ್ಯಾಯವಾಯಿತು. ದಯೆಯಿದ್ದಲ್ಲಿಯೂ ಅನ್ಯಾಯವಾಗುವುದೆಂತು?

ನಮ್ಮ ಸಿದ್ಧಾಂತದ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಜೀವಜೀವಭೇದವು ಸತ್ಯ. ಮಗುವು ತಂದೆಯಿಂದ ಭಿನ್ನ, ಹೆತ್ತ ತಾಯಿಯಿಂದಲೂ ಭಿನ್ನ. ಒಬ್ಬನ ಸುಖದುಃಖಗಳು ಅವನ ಸಾಕ್ಷಿಗೆ ಮಾತ್ರ ವೇದ್ಯ. ಇತರರಿಗೆ ಅವು ಊಹೆಯಿಂದಲೋ ಅವನ ಮಾತಿನಿಂದಲೋ ತಿಳಿಯತಕ್ಕವು. ಊಹೆಯು ತಪ್ಪಬಹುದು. ಆದುದರಿಂದ ಕೇಳದೆ ಗತ್ಯಂತರವಿಲ್ಲ. ಪಂಚಭೇದವನ್ನು ಬಾಯಲ್ಲಿ ಹೇಳುತ್ತ, ನಡೆಯದ, ಮಾತು ತೊದಲುವ ಮಗುವಿನ ವಿಷಯದಲ್ಲಿ ಮಾತ್ರ "ಇವನಿಗೇನು ಬೇಕೆಂದು ನಮಗೆ ಗೊತ್ತು" ಎನ್ನುವುದು ಯಾವ ಪ್ರಮಾಣದಿಂದ? ಇನ್ನು "ಪ್ರಾರಬ್ಧ" ಎಂಬ ಮಾತು. ಅದನ್ನು ಹುಡುಗನ ಎದುರಿಗೇ ನಿಟ್ಟುಸಿರಿನೊಡನೆ ಆಡುವವರನ್ನು ನಾನು ಕಂಡಿದ್ದೇನೆ. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಯಾರ ಯಾವ ಕರ್ಮಕ್ಕೆ ಯಾವ ಫಲವೆಂದು ತೀರ್ಪು ಕೊಡುವ ಸರ್ವಜ್ಞತ್ವ ನಮಗಿಲ್ಲ. ಆ ಮಗುವಿನೊಡನೆ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದು ಮಾತ್ರ ನಿಶ್ಚಯವಾಗಿ ನಮ್ಮ ಕರ್ಮವೇ.

ಮಹಾಭಾರತದ ವನಪರ್ವದಲ್ಲಿನ ಅಷ್ಟಾವಕ್ರೋಪಾಖ್ಯಾನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿದೆನು. ಗರ್ಭದಲ್ಲಿದ್ದ ಶಿಶುವು ತಂದೆ ಕಹೋಡನ ಅಧ್ಯಯನದ ದೋಷವನ್ನು ತೋರಿಸಿತು. ಶಿಷ್ಯರ ಮುಂದೆ ಅವಮಾನವಾಯಿತೆಂದು ತಂದೆಯು ಶಪಿಸಿದನು. ಮಗನು ಎಂಟು ಕಡೆ ವಕ್ರನಾಗಿ ಹುಟ್ಟಿದನು. ಅಂದರೆ ಇಡೀ ಕಥೆಯ ಮೂಲದಲ್ಲಿರುವುದು ಮಗುವಿನ ಮಾತನ್ನು ಸಹಿಸದ ಒಬ್ಬ ತಂದೆ. ತಂದೆಯು ಜನಕನ ಆಸ್ಥಾನದಲ್ಲಿ ಬಂದಿಯೊಡನೆ ವಾದಿಸಿ ಸೋತು ನೀರುಪಾಲಾದುದನ್ನೂ ಮನೆಯವರು ಬಾಲಕನಿಂದ ಮುಚ್ಚಿಟ್ಟರು. ಹನ್ನೆರಡನೆಯ ವರ್ಷದಲ್ಲಿ ಉದ್ದಾಲಕನ ತೊಡೆಯ ಮೇಲೆ ಕುಳಿತಿದ್ದಾಗ, ಇದು ನಿನ್ನ ತಂದೆಯ ತೊಡೆಯಲ್ಲವೆಂದು ಶ್ವೇತಕೇತುವು ಎಳೆದುದರಿಂದ ಅವನಿಗೆ ಸತ್ಯವು ತಿಳಿಯಿತು. ಹಿತವೆಂದು ಮುಚ್ಚಿಟ್ಟದ್ದು ಹೀಗೆ ಕ್ರೂರವಾಗಿ ಹೊರಬೀಳುವುದನ್ನು ನಮ್ಮ ಮನೆಗಳಲ್ಲಿಯೂ ಕಾಣುತ್ತೇವೆ. ಜನಕನ ಯಜ್ಞಶಾಲೆಯಲ್ಲಿ ದ್ವಾರಪಾಲಕನು ತಡೆದನು. ಸಭೆಯು ಅವನ ಅಂಗವನ್ನು ಕಂಡು ನಕ್ಕಿತೆಂಬ ಕಥೆ ಪ್ರಚಾರದಲ್ಲಿದೆ. ಭಾರತದಲ್ಲಿ ಬಾಗಿಲಲ್ಲಿ ತಡೆದುದು ಅವನು ಬಾಲಕನೆಂಬ ಕಾರಣಕ್ಕೆ. ಬಂದಿಯೊಡನೆ ಸಂಖ್ಯೆಗಳ ವಾದವು ಒಂದರಿಂದ ತೊಡಗಿ ಹದಿಮೂರಕ್ಕೆ ಬಂದಾಗ, ಬಂದಿಯು ಅರ್ಧ ಶ್ಲೋಕ ಹೇಳಿ ಮೂಕನಾದನು. ಉಳಿದರ್ಧವನ್ನು ಅಷ್ಟಾವಕ್ರನು ಪೂರೈಸಿದನು. ಸಮಂಗಾ ನದಿಯಲ್ಲಿ ಮಿಂದು ಅವನ ಅಂಗಗಳು ನೇರವಾದುದು ಅನಂತರ. ಗೆಲ್ಲುವಾಗ ಅವನು ವಕ್ರನಾಗಿಯೇ ಇದ್ದನು; ಜನಕನು ಕಿವಿಗೊಟ್ಟದ್ದೂ ಆ ವಕ್ರನಿಗೇ.

ರಾಜಶಾಸನವೂ ಇಂದು ಇದನ್ನೇ ವಿಧಿಸುತ್ತದೆ. 2006ರ ಸಂಯುಕ್ತ ರಾಷ್ಟ್ರಸಂಘದ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿತು. ನಮ್ಮ 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 4ನೆಯ ಕಲಮು, ಅಂತಹ ಮಕ್ಕಳು ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಇತರ ಮಕ್ಕಳಿಗೆ ಸಮನಾಗಿ ಅಭಿಪ್ರಾಯ ಹೇಳಬಹುದೆಂದೂ, ಅದಕ್ಕೆ ತಕ್ಕ ನೆರವನ್ನು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಒದಗಿಸಬೇಕೆಂದೂ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಬಗೆಗಿನ 2012ರ ಪೋಕ್ಸೊ ಕಾನೂನಿನಲ್ಲಿ, ವಿಕಲಾಂಗ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನದ ರೀತಿಯನ್ನು ಬಲ್ಲವರ ಸಹಾಯ ಪಡೆಯಲು ಅವಕಾಶವಿದೆ. ಈ ವಿಷಯವನ್ನು ಸಂಕೋಚದಿಂದ ದಾಟಿಹೋಗಲಾರೆ. ಯಾರ ಮಾತು ಮುಗಿಯುವವರೆಗೆ ಯಾರೂ ಕಾಯುವುದಿಲ್ಲವೋ, ಅಂತಹ ಮಗುವನ್ನೇ ದುಷ್ಟನು ಆರಿಸಿಕೊಳ್ಳುತ್ತಾನೆ. ಅದು ಹೇಳಲಾರದು, ಹೇಳಿದರೂ ನಂಬುವವರಿಲ್ಲ ಎಂಬ ಧೈರ್ಯ ಅವನಿಗೆ.

ಮಾತೇ ಬಾರದ ಮಗುವನ್ನು ಕೇಳುವುದೆಂತು ಎನ್ನಬಹುದು. ಮಾಲಿನಿ ಚಿಬ್ ಅವರ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಮಾಲಿನಿಯವರು ಒಂದೇ ಕಿರುಬೆರಳಿನಿಂದ ಅಕ್ಷರಗಳನ್ನು ಒತ್ತಿ ಆತ್ಮಕಥೆಯನ್ನೇ ಬರೆದರು. ಚಿತ್ರಫಲಕ, ಸಂಜ್ಞೆ, ಕಣ್ಣಿನ ಚಲನೆ ಎಲ್ಲವೂ ಭಾಷೆಯೇ. ನವಿ ಮುಂಬಯಿ ಮಹಾನಗರಪಾಲಿಕೆಯು ವಾಶಿಯಲ್ಲಿ ನಡೆಸುವ ಇ.ಟಿ.ಸಿ. ಕೇಂದ್ರಕ್ಕೆ ನಮ್ಮವರು ಹೋಗಿ ವಿಚಾರಿಸಬಹುದು. ಐರೋಲಿಯಿಂದ ವಾಶಿಗೆ ನೇರ ಗಾಡಿಯಿದೆ. (ಸೇವೆಯಲ್ಲಿದ್ದಾಗ ರಿಯಾಯಿತಿಯ ಕಾಗದ ಹಿಡಿದು ಬಂದವರಲ್ಲಿ ಜೊತೆಗಾರನ ಮುಖ ನೋಡಿಯೇ ನಾನು ಮಾತನಾಡುತ್ತಿದ್ದೆನು. ಪ್ರಯಾಣಿಕನು ಯಾರೆಂದು ಕಾಗದದ ಮೇಲೆಯೇ ಬರೆದಿರುತ್ತಿತ್ತು.)

ಕೇಳುವುದೆಂದರೆ ಮಗು ಹೇಳಿದ್ದನ್ನೆಲ್ಲ ನಡೆಸುವುದೇ? ಅಲ್ಲ. ವ್ಯಾಯಾಮ ಬೇಡವೆಂದು ಅಳುವ ಮಗುವಿಗೆ ವ್ಯಾಯಾಮ ಮಾಡಿಸಬೇಕಾಗಬಹುದು. ಆದರೆ ಏಕೆ ಬೇಡವೆಂದು ಕೇಳಿದರೆ, ಪಟ್ಟಿಯು ಮೊಣಕಾಲನ್ನು ಒತ್ತುತ್ತಿದೆ ಎಂಬ ಉತ್ತರ ಬಂದೀತು. ಹಠವೆಂದು ತಿಳಿದುದು ನೋವಾಗಿರುತ್ತದೆ.

ದಾನವಾದರೆ ಕೊಡುವವನ ಇಷ್ಟ, ಸಮಯವಿಲ್ಲದಿದ್ದರೆ ನಿಲ್ಲಿಸಬಹುದು. ನಾನು ಅಂದು ಮಾಡಿದುದು ಅದನ್ನೇ. ಋಣವನ್ನು ಅರ್ಧಕ್ಕೆ ನಿಲ್ಲಿಸಲು ಸಾಲಗಾರನಿಗೆ ಅಧಿಕಾರವಿಲ್ಲ.

ಈ ವರ್ಷದ ಸ್ಪರ್ಧೆಗೆ ಕಾಲಮಿತಿಯನ್ನು ತೆಗೆದಿದ್ದೇವೆ. ಆ ಬಾಲಕನನ್ನು ಮೊದಲಿಗೇ ಕರೆಯೋಣವೆಂದು ಕೆಲವರು ಪ್ರೀತಿಯಿಂದ ಸೂಚಿಸಿದರು. ಈ ಬಾರಿ ಅವನನ್ನೇ ಕೇಳಿದೆನು. ಬೇಡವಂತೆ, ಪಟ್ಟಿಯಲ್ಲಿ ಹೆಸರು ಎಲ್ಲಿ ಬರುತ್ತದೆಯೋ ಅಲ್ಲಿಯೇ ಕರೆಯಬೇಕಂತೆ. ಅವನದು ಆರನೆಯ ಹೆಸರು.