ಪ್ರಾರ್ಥಿಸದವನಿಗೆ ಸಿಕ್ಕ ದೇವರು

ಸಾಂಕೇತಿಕ ತರ್ಕಶಾಸ್ತ್ರದ ಮೊದಲ ಸೆಮಿಸ್ಟರಿನಲ್ಲಿ ಸತ್ಯ ಕೋಷ್ಟಕದ ಪಾಠ ಮುಗಿದ ಮೇಲೆ ಕೆಲವು ಅಧ್ಯಾಪಕರು ಬೋರ್ಡಿನ ಮೇಲೆ ಹೀಗೊಂದು ವಾದ ಬರೆಯುತ್ತಾರೆ: ದೇವರಿಲ್ಲದಿದ್ದರೆ, 'ನಾನು ಪ್ರಾರ್ಥಿಸಿದರೆ ಅದು ಫಲಿಸುತ್ತದೆ' ಎಂಬ ಮಾತು ಸುಳ್ಳು. ನಾನು ಪ್ರಾರ್ಥಿಸುವುದಿಲ್ಲ. ಆದ್ದರಿಂದ ದೇವರಿದ್ದಾನೆ.

ಮೊದಲ ವಾಕ್ಯಕ್ಕೆ ಆಸ್ತಿಕರೂ ನಾಸ್ತಿಕರೂ ತಲೆದೂಗುತ್ತಾರೆ. ಎರಡನೆಯದು ಎಷ್ಟೋ ಜನರ ಮಟ್ಟಿಗೆ ನಿಜ. ಕೋಷ್ಟಕ ಹಾಕಿ ನೋಡಿದರೆ ವಾದ ಪೂರ್ತಿ ಸಿಂಧು!

ಇದು ಹೇಗೆ? ಕೋಷ್ಟಕದ ಲೆಕ್ಕದಲ್ಲಿ 'ಪ ಆದರೆ ಫ' ಎಂಬ ವಾಕ್ಯ ಸುಳ್ಳಾಗುವುದು ಒಂದೇ ಕಡೆ: ಪ ನಿಜವಾಗಿದ್ದು ಫ ಸುಳ್ಳಾದಾಗ. ಪ್ರಾರ್ಥನೆಯೇ ನಡೆಯದಿದ್ದರೆ 'ಪ್ರಾರ್ಥಿಸಿದರೆ ಫಲಿಸುತ್ತದೆ' ಎಂಬುದು ಸುಮ್ಮನೆ ನಿಜವಾಗಿಬಿಡುತ್ತದೆ. ಅದು ನಿಜವಾದ ಮೇಲೆ ದೇವರಿಲ್ಲ ಎನ್ನಲು ಮೊದಲ ವಾಕ್ಯ ಬಿಡುವುದಿಲ್ಲ. ಈಗ ಇದನ್ನೇ ತಿರುಗಿಸಿ. ದೇವರಿದ್ದರೆ, 'ನಾನು ಪ್ರಾರ್ಥಿಸಿದರೆ ಅದು ವ್ಯರ್ಥ' ಎಂಬ ಮಾತು ಸುಳ್ಳು. ಭಕ್ತರು ಸಂತೋಷದಿಂದ ಒಪ್ಪುವ ಮಾತಿದು. ನಾನು ಪ್ರಾರ್ಥಿಸುವುದಿಲ್ಲ. ಆದ್ದರಿಂದ ದೇವರಿಲ್ಲ. ಇದೂ ಅಷ್ಟೇ ಸಿಂಧು. ಪ್ರಾರ್ಥಿಸದೆ ಕುಳಿತ ಒಬ್ಬನೇ ಮನುಷ್ಯನಿಂದ ದೇವರ ಇರವೂ ಇಲ್ಲದಿರುವಿಕೆಯೂ ಸಿದ್ಧವಾಗುತ್ತವೆ.

ಇಲ್ಲಿ ವಿದ್ಯಾರ್ಥಿಗಳಿಗೆ 'ಇದು ನಿಯಮ, ಬರೆದುಕೊಳ್ಳಿ' ಎಂದು ಮುಂದೆ ಹೋಗುವುದು ದೊಡ್ಡ ಅನ್ಯಾಯ. ನಿಯಮಕ್ಕೆ ಕಾರಣವಿದೆ. 'ಸಂಖ್ಯೆಯೊಂದು 4ರಿಂದ ಭಾಗವಾದರೆ ಅದು ಸಮಸಂಖ್ಯೆ' ಎಂಬುದು ಎಲ್ಲ ಸಂಖ್ಯೆಗಳಿಗೂ ಸಲ್ಲಬೇಕು. 8ಕ್ಕೆ ಸರಿ, ಆದರೆ 4ರಿಂದ ಭಾಗವಾಗದ 6 ಮತ್ತು 7 ಕೂಡ ಅದನ್ನು ಸುಳ್ಳು ಮಾಡಬಾರದಲ್ಲ? 1879ರಲ್ಲಿ ಜರ್ಮನಿಯ ಗಾಟ್‌ಲೋಬ್ ಫ್ರೇಗೆ ತನ್ನ ಸಂಕೇತಲಿಪಿಯನ್ನು ಕಟ್ಟಿದ್ದು ಗಣಿತಕ್ಕಾಗಿ. ಪ್ರಾರ್ಥನೆ, ಪಶ್ಚಾತ್ತಾಪ, ಭರವಸೆಗಳ ಮಾತನ್ನು ಅದೇ ಅಚ್ಚಿಗೆ ಇಳಿಸಿದಾಗ ಎರಡು ಸಂಗತಿಗಳ ನಡುವಿನ ನಂಟು ಸೋರಿಹೋಗುತ್ತದೆ.

'ಪ ಆದರೆ ಫ' ಎಂಬುದು ಯಾವಾಗ ನಿಜ ಎಂಬ ಈ ಜಗಳ ಹಳೆಯದು. ಪ್ರಾಚೀನ ಗ್ರೀಸಿನಲ್ಲಿ ತರ್ಕಶಾಸ್ತ್ರಿ ಫೈಲೋ ಇಂದಿನ ಕೋಷ್ಟಕದ ಪಕ್ಷ ಹಿಡಿದಿದ್ದ. ಅವನ ಗುರು ಡಯೊಡೋರಸ್ ಒಪ್ಪಿರಲಿಲ್ಲ. ಛಾವಣಿಯ ಮೇಲಿನ ಕಾಗೆಗಳೂ ಇದನ್ನೇ ಚರ್ಚಿಸುತ್ತಿವೆ ಎಂದು ಕವಿ ಕಲಿಮಾಕಸ್ ಬರೆದನಂತೆ. 20ನೇ ಶತಮಾನದಲ್ಲಿ ಅಮೆರಿಕದ ಸಿ. ಐ. ಲೂಯಿಸ್ ಇದೇ ಅತೃಪ್ತಿಯಿಂದ, ಅನಿವಾರ್ಯತೆ ಮತ್ತು ಸಾಧ್ಯತೆಗಳನ್ನು ಅಳೆಯುವ ಇನ್ನೊಂದು ತರ್ಕ ಕಟ್ಟಿದ.

ನಮ್ಮ ನ್ಯಾಯದರ್ಶನದ ದಾರಿ ಬೇರೆ. ಬೆಟ್ಟದಲ್ಲಿ ಬೆಂಕಿಯಿದೆ ಎನ್ನಲು ಹೊಗೆ ಕಾಣಬೇಕು, ಹೊಗೆ ಮತ್ತು ಬೆಂಕಿಯ ವ್ಯಾಪ್ತಿ, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವ ನಂಟು, ಗೊತ್ತಿರಬೇಕು, ಅಡುಗೆಮನೆಯಂಥ ಉದಾಹರಣೆಯೂ ಬೇಕು. ಕಾಣದ ಹೊಗೆಯಿಂದ ಅದು ಬೆಂಕಿಯನ್ನು ಸಾಧಿಸುವುದಿಲ್ಲ. ಆ ದರ್ಶನದ ಉದಯನಾಚಾರ್ಯರು ಈಶ್ವರನನ್ನು ಸಾಧಿಸಹೊರಟದ್ದು, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಇಂಥ ಅನುಮಾನಗಳಿಂದಲೇ. ಉಡುಪಿಯ ಮಧ್ವಾಚಾರ್ಯರು, ಬರೀ ಅನುಮಾನದಿಂದ ಅದು ಆಗದು, ಶಾಸ್ತ್ರವೇ ಪ್ರಮಾಣ ಎಂದರು.

ಪಶ್ಚಿಮದಲ್ಲೋ, ಲೂಯಿಸನ ತರ್ಕದ ಮುಂದಿನ ಬೆಳವಣಿಗೆಯಿಂದಲೇ ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್ ದೇವರ ಇರವಿಗೆ ಒಂದು ಸಾಧನೆ ಬರೆದ. 1970ರಲ್ಲಿ ಅದನ್ನು ಇನ್ನೊಬ್ಬ ತರ್ಕಶಾಸ್ತ್ರಜ್ಞ ಡಾನಾ ಸ್ಕಾಟ್‌ಗೆ ತೋರಿಸಿದ. ಸ್ಕಾಟ್ ತುಸು ತಿದ್ದಿದ ರೂಪವನ್ನು 2013ರಲ್ಲಿ ಕಂಪ್ಯೂಟರ್ ಪರಿಶೀಲಿಸಿ ಸಿಂಧು ಎಂದಿತು; ಗೋಡೆಲ್‌ನ ಮೂಲ ಆಧಾರವಾಕ್ಯಗಳಲ್ಲಿ ಮಾತ್ರ ಪರಸ್ಪರ ವಿರೋಧ ಪತ್ತೆಯಾಯಿತು. ಅದಕ್ಕೂ ಮುಂಚೆ, 1987ರಲ್ಲಿ, ತತ್ತ್ವಜ್ಞಾನಿ ಜೋರ್ಡನ್ ಹೋವರ್ಡ್ ಸೋಬೆಲ್ ಇನ್ನೊಂದು ತೊಡಕು ತೋರಿಸಿದ್ದ: ಆ ಆಧಾರವಾಕ್ಯಗಳನ್ನು ಒಪ್ಪಿದರೆ ಜಗತ್ತಿನಲ್ಲಿ ನಡೆಯುವುದೆಲ್ಲ ಅನಿವಾರ್ಯವಾಗಿಯೇ ನಡೆಯುತ್ತದೆ, ಮನುಷ್ಯನ ಆಯ್ಕೆಗೆ ಎಡೆಯೇ ಇಲ್ಲ. 1990ರಲ್ಲಿ ತತ್ತ್ವಜ್ಞಾನಿ ಆಂಡರ್ಸನ್ ಆ ಆಧಾರವಾಕ್ಯಗಳನ್ನು ತಿದ್ದಿ ಆ ತೊಡಕಿನಿಂದ ಪಾರುಮಾಡಲು ನೋಡಿದ. ಗೋಡೆಲ್ 'ಸಕಾರಾತ್ಮಕ' ಎಂದು ಕರೆದು ದೇವರಿಗೆ ಸಲ್ಲಿಸಿದ ಗುಣಗಳು ಯಾವುವು, ಅವೆಲ್ಲ ಒಬ್ಬನಲ್ಲೇ ಕೂಡಿರಬಲ್ಲವೇ ಎಂಬ ವಾದ ಇನ್ನೂ ನಡೆದಿದೆ.