ಕಲಿಕೆಯ ಶುಲ್ಕ ಯಾರು ಕಟ್ಟಬೇಕು?

ಬೈಕ್ ಓಡಿಸುವುದನ್ನು ದುಡ್ಡು ಕೊಟ್ಟು ಕಲಿಯಬೇಕೆ? ನಮ್ಮಲ್ಲಿ ಹೀಗೆ ಕೇಳಿದರೆ ಜನ ನಗುತ್ತಾರೆ. ಕಾರು ಕಲಿಯಲು ಡ್ರೈವಿಂಗ್ ಸ್ಕೂಲಿಗೆ ಸೇರುವವರು ಕೂಡ ಬೈಕನ್ನು ಅಣ್ಣನಿಂದಲೋ ಮಾವನಿಂದಲೋ ಹಾಸ್ಟೆಲಿನ ಗೆಳೆಯನಿಂದಲೋ ಊರಾಚೆಯ ಬಯಲಿನಲ್ಲಿ ಕಲಿತಿರುತ್ತಾರೆ. ಕ್ಲಚ್ ಬಿಡುವುದು, ಗೇರ್ ಬದಲಿಸುವುದು ಬಂದರೆ ಪಾಠ ಮುಗಿಯಿತು. ಆರ್‌ಟಿಒ ಮೈದಾನದಲ್ಲಿ ಕಾಲೂರದೆ ‘8’ ಸುತ್ತಿದರೆ ಲೈಸೆನ್ಸ್ ಕೈಗೆ ಬರುತ್ತದೆ. ಉಳಿದದ್ದನ್ನು ರಸ್ತೆಯೇ ಕಲಿಸುತ್ತದೆ ಎಂಬುದು ನಮ್ಮ ನಂಬಿಕೆ. ಹೀಗಿರುವಾಗ ಒಂದೆರಡು ದಿನದ ತರಬೇತಿಗೆ ಕೆಲವು ಸಾವಿರ ರೂಪಾಯಿ ಸುರಿಯುವುದು ದಂಡವಲ್ಲವೇ?

ಮೇಲ್ನೋಟಕ್ಕೆ ಇದು ಲಾಭನಷ್ಟದ ಲೆಕ್ಕ. ಆದರೆ ಇದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಕಲಿಕೆ ಎಂದೂ ಪುಕ್ಕಟೆಯಲ್ಲ. ಅದರ ಶುಲ್ಕವನ್ನು ಯಾರೋ ಒಬ್ಬರು ಕಟ್ಟಲೇಬೇಕು. ಆ ಒಬ್ಬರು ಯಾರು ಎಂಬುದೇ ನಿಜವಾದ ಪ್ರಶ್ನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಿದೆ. ರಸ್ತೆ ಎಂಬ ಗುರುವಿನ ಪಾಠಕ್ರಮವೂ ಇದೇ. ಅದು ಮೊದಲು ಪರೀಕ್ಷೆ ಇಡುತ್ತದೆ, ಆಮೇಲೆ ಪಾಠ ಹೇಳುತ್ತದೆ. ಅಷ್ಟೇ ಅಲ್ಲ, ಶುಲ್ಕವನ್ನು ಶಿಷ್ಯನಿಂದಲೇ ಪಡೆಯಬೇಕೆಂಬ ನಿಯಮ ಅದಕ್ಕಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಾಯಿಯಿಂದಲೋ ರಸ್ತೆ ದಾಟುತ್ತಿದ್ದ ಅಪರಿಚಿತ ಮುದುಕನಿಂದಲೋ ವಸೂಲು ಮಾಡಿಬಿಡುತ್ತದೆ.

ಹತ್ತು ವರ್ಷದ ಅನುಭವವಿದ್ದರೆ ಸಾಲದೆ ಎಂದು ಕೇಳಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಷ್ಟರಲ್ಲಿ ಯೋಚಿಸಲು ಸಮಯವಿಲ್ಲ. ದೇಹಕ್ಕೆ ರೂಢಿಯಾದದ್ದು ಮಾತ್ರ ಕೆಲಸಕ್ಕೆ ಬರುತ್ತದೆ. ಆದರೆ ಪೂರ್ತಿ ಬಲದಿಂದ ಬ್ರೇಕ್ ಹಿಡಿಯಬೇಕಾದ ಸಂದರ್ಭ ದಿನವೂ ಬರುವುದಿಲ್ಲ. ಆಫೀಸಿಗೆ ಹೋಗಿ ಬರುವ ಹತ್ತು ವರ್ಷಗಳಲ್ಲಿ ನಾವು ಅಭ್ಯಾಸ ಮಾಡಿದ್ದು ಸುಮ್ಮನೆ ಸಾಗುವುದನ್ನು, ತುರ್ತಾಗಿ ನಿಲ್ಲಿಸುವುದನ್ನಲ್ಲ. ಅಪರೂಪಕ್ಕೆ ಬರುವುದನ್ನು ಅನುಭವ ಕಲಿಸಲಾರದು. ಅದನ್ನು ಬೇಕೆಂದೇ, ಖಾಲಿ ಮೈದಾನದಲ್ಲಿ, ಮತ್ತೆ ಮತ್ತೆ ಮಾಡಿ ಕಲಿಯಬೇಕು.

ಮನೆಪಾಠದಲ್ಲಿ ತಪ್ಪುಗಳೂ ಆಸ್ತಿಯಂತೆ ಕೈದಾಟಿ ಬರುತ್ತವೆ. ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂಬ ಬುದ್ಧಿವಾದವನ್ನು ಕೇಳದವರು ಕಡಿಮೆ. ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ. ಒಳ್ಳೆಯ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲೇ ಇರುತ್ತದೆ. ಹಠಾತ್ತನೆ ಹಿಂಡದೆ ಹಂತಹಂತವಾಗಿ ಒತ್ತುವುದು ಮಾತ್ರ ಕಲಿಯಬೇಕಾದ ವಿದ್ಯೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಸುಮಾರು 900 ಬೈಕ್ ಅಪಘಾತಗಳನ್ನು ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಆ ಸವಾರರಲ್ಲಿ ಶೇ. 92ರಷ್ಟು ಜನ ತಾವೇ ಅಥವಾ ಮನೆಯವರು, ಗೆಳೆಯರಿಂದ ಕಲಿತವರು. ಹೆಚ್ಚಿನವರು ಹಿಂದಿನ ಚಕ್ರವನ್ನು ಜಾರಿಸಿ, ಮುಂದಿನ ಬ್ರೇಕನ್ನು ಸರಿಯಾಗಿ ಬಳಸದೆ ಹೋಗಿದ್ದರು.

ಹಾಗೆಂದು ತರಬೇತಿಯನ್ನು ತಾಯತ ಮಾಡಿಕೊಳ್ಳುವಂತಿಲ್ಲ. ಬೈಕ್ ತರಬೇತಿಯ ಮೇಲಿನ 23 ಅಧ್ಯಯನಗಳನ್ನು 2010ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಿಗೆ ತೂಗಿ ನೋಡಿತು. ಅಧ್ಯಯನಗಳ ಗುಣಮಟ್ಟ ಸಾಲದ್ದರಿಂದ, ತರಬೇತಿ ಅಪಘಾತ ತಗ್ಗಿಸುತ್ತದೆಂದು ಖಚಿತವಾಗಿ ಹೇಳಲಾಗದು ಎಂಬ ತೀರ್ಮಾನಕ್ಕೆ ಬಂತು. ಇನ್ನೊಂದು ಅಪಾಯವೂ ಉಂಟು. ಎರಡು ದಿನ ಕಲಿತವನಿಗೆ ಕೌಶಲಕ್ಕಿಂತ ಬೇಗ ಬರುವುದು ಧೈರ್ಯ. ಆ ಧೈರ್ಯ ಆಕ್ಸಿಲರೇಟರಿಗೆ ಇಳಿದರೆ ಕಲಿತದ್ದೆಲ್ಲ ತಿರುಗುಬಾಣವಾಗುತ್ತದೆ.

ಫಲ ಖಚಿತವಿಲ್ಲದಿದ್ದರೆ ದುಡ್ಡು ಯಾಕೆ ಕೊಡಬೇಕು? ಇಲ್ಲಿಯೇ ಲಾಭನಷ್ಟದ ಲೆಕ್ಕ ಸೋಲುವುದು. ಆಗದೇ ಹೋದ ಅಪಘಾತಕ್ಕೆ ರಸೀದಿ ಸಿಗುವುದಿಲ್ಲ. ತರಬೇತಿಯಿಂದ ಬದುಕಿದವನಿಗೆ ತಾನು ಬದುಕಿದೆ ಎಂಬುದೇ ಗೊತ್ತಾಗದಿರಬಹುದು. ಬೆಲೆ ತಿಳಿಯದ ಕಡೆ ಕರ್ತವ್ಯ ಏನೆಂದು ಕೇಳಬೇಕಾಗುತ್ತದೆ. ಹಿಂದೆ ಕೂತವರ ಕೈಯಲ್ಲಿ ಹ್ಯಾಂಡಲೂ ಇಲ್ಲ, ಬ್ರೇಕೂ ಇಲ್ಲ. ಅವರು ಏರುವ ಕ್ಷಣದಲ್ಲೇ ತಮ್ಮ ಜೀವವನ್ನು ನಮ್ಮ ಕೈಗೆ ಕೊಟ್ಟಾಗಿದೆ. ಆ ಕೈಗಳನ್ನು ತಕ್ಕಮಟ್ಟಿಗೆ ತಿದ್ದಿಕೊಳ್ಳುವುದು ನಾವು ಅವರಿಗೆ ತೀರಿಸಬೇಕಾದ ಋಣ. ಸೈಲೆನ್ಸರ್ ಬದಲಿಸಲು ಹಿಂದೆಮುಂದೆ ನೋಡದವರಿಗೆ ಈ ಖರ್ಚು ಮಾತ್ರ ದುಬಾರಿ ಎನಿಸಿದರೆ, ಅದು ಜೇಬಿನ ಮಾತಲ್ಲ.

ಆದರೆ ನಿಜಕ್ಕೂ ಜೇಬು ಖಾಲಿ ಇರುವವರ ಮಾತು ಬೇರೆ. ನಿಮಿಷ ಎಣಿಸಿ ಊಟ ತಲುಪಿಸುವ ಹುಡುಗನಿಗೆ ಎರಡು ದಿನದ ತರಬೇತಿ ಎಂದರೆ ಶುಲ್ಕದ ಜೊತೆಗೆ ಎರಡು ದಿನದ ಕೂಲಿಯೂ ಹೋದಂತೆ. ದಿನವಿಡೀ ರಸ್ತೆಯಲ್ಲಿರುವ ಅವನಿಗೇ ತರಬೇತಿ ಹೆಚ್ಚು ಅಗತ್ಯ, ಅವನಿಗೇ ಅದು ಹೆಚ್ಚು ದೂರ. ‘ನೀನೇ ಕಲಿತುಕೊ’ ಎಂದು ಅವನಿಗೆ ಹೇಳುವುದು ನೀತಿಯಲ್ಲ, ಜಾರಿಕೊಳ್ಳುವ ಉಪಾಯ. ಅವನ ವೇಗದಿಂದ ಲಾಭ ಪಡೆಯುವ ಕಂಪನಿ, ಲೈಸೆನ್ಸ್ ಕೊಡುವ ಸರ್ಕಾರ, ಬಿಸಿ ಊಟ ಬಯಸುವ ನಾವು, ಎಲ್ಲರೂ ಆ ಶುಲ್ಕದಲ್ಲಿ ಪಾಲುದಾರರು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ರಸ್ತೆ ಕೆಟ್ಟದ್ದು, ಲಾರಿ ಅಡ್ಡ ಬಂತು, ಹೆಲ್ಮೆಟ್ ಇರಲಿಲ್ಲ, ಹೀಗೆ ಕಾರಣಗಳು ಹಲವು. ಸವಾರನ ಕಲಿಕೆ ಅವುಗಳಲ್ಲಿ ಒಂದು ಮಾತ್ರ. ಆದರೆ ಗಾಡಿ ಹತ್ತುವ ಮುಂಚೆಯೇ ನಾವು ಸರಿಪಡಿಸಿಕೊಳ್ಳಬಹುದಾದ ಒಂದು.

ತರಬೇತಿಗೆ ಕೊಟ್ಟ ದುಡ್ಡು ಜೀವಕ್ಕೆ ಗ್ಯಾರಂಟಿ ಕೊಡುವುದಿಲ್ಲ. ನಮ್ಮ ಪಾಠದ ಖರ್ಚನ್ನು ಬೇರೆಯವರ ಮೈಮೇಲೆ ಹಾಕುವುದಿಲ್ಲ ಎಂಬ ಪ್ರಯತ್ನಕ್ಕೆ ಅದು ಮೊದಲ ಕಂತು. ಉಳಿದ ಕಂತುಗಳನ್ನು ಪ್ರತಿದಿನ ರಸ್ತೆಯಲ್ಲಿ, ಸ್ವಲ್ಪ ನಿಧಾನವಾಗಿ, ಕಟ್ಟುತ್ತಾ ಹೋಗಬೇಕು.