ಕಾರಿನ ಮುಖದ ಮೇಲಿನ ಕಲೆ

ಜೂನ್ ತಿಂಗಳ ಮೊದಲ ಮಳೆ ಬಿದ್ದ ವಾರ ಪುಣೆಯಿಂದ ಊರ ಕಡೆಗೆ ರಾತ್ರಿ ಕಾರು ಓಡಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ಸಾತಾರಾ ದಾಟಿ, ಕರಾಡ, ಕೊಲ್ಹಾಪುರದ ಕಬ್ಬಿನ ಹೊಲಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದು ನಿಪ್ಪಾಣಿ ಹತ್ತಿರ ಚಹಾಕ್ಕೆ ನಿಲ್ಲಿಸಿದರೆ ಕಾರಿನ ಮುಖದ ಗುರುತೇ ಹತ್ತುವುದಿಲ್ಲ. ಗಾಜು, ನಂಬರ್ ಪ್ಲೇಟು, ಬಂಪರ್, ಬಾನೆಟ್ಟಿನ ಅಂಚು, ಎಲ್ಲ ಕಡೆ ಈಸಲು ಹುಳುಗಳ ರೆಕ್ಕೆ, ಹಾತೆಗಳ ಬೂದುಪುಡಿ, ಹಳದಿ ಹಸಿರು ಕಲೆಗಳು. ಆಗ ಗಾಡಿಯಲ್ಲಿದ್ದ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಊರು ಮುಟ್ಟಿದ ಕೂಡಲೇ ತೊಳೀಬೇಕು, ಇಲ್ಲಾಂದ್ರ ಪೇಂಟ್ ಹೋಗ್ತದ."

ಮಾತು ನಿಜವೇ. ಈಗಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿಗಿಂತ ತೆಳು. ಹುಳು ಬಡಿದು ಒಡೆದಾಗ ಅದರ ದೇಹದ್ರವ ಈ ಪದರಕ್ಕೆ ಅಂಟುತ್ತದೆ. ಮರುದಿನದ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ, ಕೊಳೆಯುತ್ತ ಆಮ್ಲೀಯವಾಗುತ್ತದೆ, ನಿಧಾನಕ್ಕೆ ಪದರವನ್ನು ಕೊರೆಯುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಹುಳುವಿನ ಗಟ್ಟಿ ಕವಚವೇ ಮರಳು ಕಾಗದದ ಹಾಗೆ ಗೀರು ಹಾಕುತ್ತದೆ. ಒದ್ದೆ ಬಟ್ಟೆಯನ್ನು ಐದು ಹತ್ತು ನಿಮಿಷ ಹಾಸಿ ನೆನೆಸಬೇಕು, ಆಮೇಲೆ ಕಾರಿನ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ತೆಗೆಯಬೇಕು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಮೇಲಿನ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಮೊದಲೇ ವ್ಯಾಕ್ಸ್ ಹಚ್ಚಿದ್ದರೆ ಕೆಲಸ ಹಗುರ. ಇನ್ನೂ ಖರ್ಚು ಮಾಡುವವರಿಗೆ ಸೆರಾಮಿಕ್ ಕೋಟಿಂಗ್ ಇದೆ, ಅದಕ್ಕೂ ಮೇಲೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಇದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ವಿವರಣೆಯಲ್ಲಿ ಒಂದು ವಿಚಿತ್ರವಿದೆ. ಸತ್ತದ್ದು ಹುಳು, ಹಾನಿಯಾದದ್ದು ಕಾರಿಗೆ!

ಈ ನೋಟ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಲವ್‌ಬಗ್ ಎಂಬ ಕಪ್ಪು ಹುಳು ವರ್ಷಕ್ಕೆ ಎರಡು ಸಲ, ಮೇ ಮತ್ತು ಸೆಪ್ಟೆಂಬರ್ ಸುಮಾರಿಗೆ, ಹಿಂಡು ಹಿಂಡಾಗಿ ಏಳುತ್ತದೆ. ಗಂಡು ಹೆಣ್ಣು ಒಂದಕ್ಕೊಂದು ಅಂಟಿಕೊಂಡೇ ಹಾರುವುದರಿಂದ ಆ ಹೆಸರು. ಹೆದ್ದಾರಿಗಳ ಮೇಲೆ ಅವು ಎಷ್ಟು ಸಾಯುತ್ತವೆಂದರೆ ರೇಡಿಯೇಟರ್ ಜಾಲರಿಗಳೇ ಮುಚ್ಚಿಹೋಗುತ್ತವೆ. ಸತ್ತ ಲವ್‌ಬಗ್‌ಗಳ ದ್ರವದ ಪಿಎಚ್ ಒಂದು ದಿನದೊಳಗೆ 6.5ರಿಂದ 4.25ಕ್ಕೆ ಇಳಿಯುತ್ತದೆ ಎಂದು ಅಳೆದಿಟ್ಟಿದ್ದಾರೆ. ಇದೇ ಹುಳುವಿನ ಮರಿಗಳು ನೆಲದಲ್ಲಿದ್ದು, ಕೊಳೆತ ಹುಲ್ಲನ್ನು ತಿಂದು ಮಣ್ಣಿಗೆ ಸತ್ವ ಕೊಡುತ್ತವೆ. ಆದರೆ ಕಾರಿನ ಆರೈಕೆಯ ಭಾಷೆಯಲ್ಲಿ ಆ ಹುಳುವಿಗೆ ಒಂದು ಪಿಎಚ್ ಇದೆ, ಒಂದು ಬದುಕು ಇಲ್ಲ. ಸತ್ತ ಮೇಲೆ ನಮಗೆ ಏನು ಮಾಡುತ್ತದೆ ಎಂಬುದಷ್ಟೇ ಅದರ ಪರಿಚಯ.

ಹಾಗಾದರೆ ಪ್ರಶ್ನೆ ಇದು: ಬೇಕೆಂದು ಕೊಲ್ಲದ, ಆದರೆ ಸಾಯುತ್ತವೆ ಎಂದು ಖಚಿತವಾಗಿ ಗೊತ್ತಿರುವ ಜೀವಗಳ ಬಗ್ಗೆ ನಮಗೆ ಹೊಣೆ ಇದೆಯೇ?

ಮೊದಲ ಉತ್ತರ ತಕ್ಷಣ ಬರುತ್ತದೆ: ನಾವು ಕೊಲ್ಲಲು ಹೊರಟವರಲ್ಲ, ಊರಿಗೆ ಹೊರಟವರು. ಈ ಉತ್ತರವನ್ನು ಸಲೀಸಾಗಿ ತಳ್ಳಿಹಾಕುವಂತಿಲ್ಲ. ಉದ್ದೇಶಿಸಿದ ಫಲ, ಮುಂಗಂಡರೂ ಉದ್ದೇಶಿಸದ ಫಲ, ಇವೆರಡನ್ನು ಬೇರೆಯಾಗಿಡುವ ವಾದ ಯುರೋಪಿನಲ್ಲಿ 13ನೇ ಶತಮಾನದ ಥಾಮಸ್ ಅಕ್ವೈನಾಸ್‌ನವರೆಗೆ ಹೋಗುತ್ತದೆ. ಆತ್ಮರಕ್ಷಣೆಗೆ ಹೊಡೆದಾಗ ಎದುರಾಳಿ ಸತ್ತರೆ ಅದು ಕೊಲೆಯ ಉದ್ದೇಶವಲ್ಲ ಎಂದು ಆತ ವಾದಿಸಿದ. ಆದರೆ ಅಲ್ಲೊಂದು ಷರತ್ತಿದೆ: ಅಗತ್ಯಕ್ಕಿಂತ ಹೆಚ್ಚು ಬಲ ಬಳಸಿರಬಾರದು. ನಾವು ಸಾಮಾನ್ಯವಾಗಿ ವಾದದ ಮೊದಲ ಅರ್ಧ ತೆಗೆದುಕೊಂಡು ಷರತ್ತನ್ನು ಅಲ್ಲೇ ಬಿಟ್ಟುಬರುತ್ತೇವೆ.

ನಮ್ಮ ಕಡೆಯ ಜೈನ ಚಿಂತನೆ ಇದನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದೆ. ಪಂಪ, ಪೊನ್ನ, ರನ್ನರು ನಂಬಿದ್ದ ಈ ಧರ್ಮ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬೇಕೆಂದೇ ಮಾಡುವುದು ಸಂಕಲ್ಪಿ, ಅಡುಗೆ ಕಸಗುಡಿಸುವಂಥ ಮನೆಗೆಲಸದಲ್ಲಿ ಆಗುವುದು ಆರಂಭಿ, ದುಡಿಮೆಯಲ್ಲಿ ಆಗುವುದು ಉದ್ಯೋಗಿ, ರಕ್ಷಣೆಗಾಗಿ ಎದುರಿಸುವಾಗ ಆಗುವುದು ವಿರೋಧಿ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಮೊದಲನೆಯದನ್ನು. ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಗಾಜಿಗೆ ಬಡಿದ ಹುಳು ಮೊದಲ ಗುಂಪಿನದಲ್ಲ, ಸರಿ. ಆದರೆ ಅಷ್ಟಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಜೈನರು ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಹುಡುಕುತ್ತಾರೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಹುಳುವೊಂದು ಸಿಕ್ಕಿ ಸತ್ತರೂ ಅವನಿಗೆ ದೋಷ ಅಂಟದು. ಎಚ್ಚರವಿಲ್ಲದೆ ನಡೆದವನ ಕಾಲಡಿಗೆ ಏನೂ ಸಾಯದಿದ್ದರೂ ಅವನು ಹಿಂಸಕನೇ.

ಎಚ್ಚರ ಎಂದರೆ ಏನೆಂದೂ ಅವರು ಹೇಳಿದ್ದಾರೆ. ಈರ್ಯಾಸಮಿತಿ ಎಂಬ ನಿಯಮದ ಪ್ರಕಾರ ಮುನಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕು. ಇದನ್ನು ಹೆದ್ದಾರಿಗೆ ತಂದು ನೋಡಿ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಹುಳು ಕಣ್ಣಿಗೆ ಬೀಳುವ ಹೊತ್ತಿಗೆ ಅದು ಗಾಜಿನ ಮೇಲಿರುತ್ತದೆ. ಆ ಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮನುಷ್ಯರೇ ಸಾಯುತ್ತಾರೆ. ಹೀಗಾಗಿ ಓಡುವ ಕಾರಿನಲ್ಲಿ ಈರ್ಯಾಸಮಿತಿ ಅಸಾಧ್ಯ. "ನಾನೇನು ಮಾಡೋಕಾಗುತ್ತಿತ್ತು?" ಎಂದು ನಾವು ಕೇಳುವುದು ಇದೇ ಬಲದ ಮೇಲೆ.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಪದ್ಧತಿ ಇದೆ: ಚಾತುರ್ಮಾಸ. ಮಳೆಗಾಲದ ನಾಲ್ಕು ತಿಂಗಳು ಜೈನ ಮುನಿಗಳು ಊರೂರು ಸುತ್ತುವುದನ್ನು ನಿಲ್ಲಿಸಿ ಒಂದೇ ಕಡೆ ಉಳಿಯುತ್ತಾರೆ. ಮಳೆ ಬಿದ್ದ ನೆಲದಲ್ಲಿ ಜೀವಗಳು ಎಷ್ಟು ಹೆಚ್ಚುತ್ತವೆಂದರೆ ಎಷ್ಟೇ ನೋಡಿ ನಡೆದರೂ ಸಾಲದು. ಹೀಗೆ ಕಣ್ಣಿನ ಎಚ್ಚರ ಸೋಲುವ ಕಡೆ ಅವರು ಎಚ್ಚರವನ್ನು ಪಂಚಾಂಗಕ್ಕೆ ಹಾಕಿದರು. ನನಗೆ ಇಲ್ಲಿ ಸಿಗುವ ಉತ್ತರ ಇಷ್ಟು: ಮಾಡುವ ಕ್ಷಣದಲ್ಲಿ ಎಚ್ಚರಕ್ಕೆ ಜಾಗವೇ ಇಲ್ಲದ ಕೆಲಸಗಳಲ್ಲಿ ಹೊಣೆ ಮಾಯವಾಗುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಹೊರಡುವ ಮೊದಲಿನ ನಿರ್ಧಾರಕ್ಕೆ ಹೋಗಿ ಕೂರುತ್ತದೆ.

ಪ್ರಾಜೆಕ್ಟ್ ನಡೆಸುವವರಿಗೆ ಇದು ಪರಿಚಿತ. ನಮ್ಮ ರಿಸ್ಕ್ ಪಟ್ಟಿಯಲ್ಲಿ ಪ್ರತಿ ಅಪಾಯದ ಮುಂದೆ ತಪ್ಪಿಸುವುದೋ, ತಗ್ಗಿಸುವುದೋ, ಒಪ್ಪಿಕೊಳ್ಳುವುದೋ ಎಂದು ಬರೆಯುತ್ತೇವೆ. "ಒಪ್ಪಿಕೊಂಡಿದೆ" ಎಂಬ ಪದ ಬಹಳ ಸುಲಭ. ಒಪ್ಪಿಕೊಂಡವರೇ ಪೆಟ್ಟು ತಿನ್ನುವುದಾದರೆ ಅದು ಧೈರ್ಯ. ಒಪ್ಪಿಕೊಳ್ಳುವವರು ನಾವು, ಪೆಟ್ಟು ಬೀಳುವುದು ಆ ಮೀಟಿಂಗಿನಲ್ಲಿ ಇಲ್ಲದ ಮತ್ತೊಬ್ಬರಿಗೆ ಎಂದಾದರೆ ಅದಕ್ಕೆ ಬೇರೆ ಹೆಸರು ಬೇಕು. ಹುಳು ಯಾವ ಮೀಟಿಂಗಿನಲ್ಲೂ ಇರುವುದಿಲ್ಲ.

ಎರಡನೆಯ ಉತ್ತರ: ಹುಳು ತಾನೇ, ಅದಕ್ಕೇನು ಗೊತ್ತಾಗುತ್ತದೆ? ಇದನ್ನು ಹಿಂದಿನಷ್ಟು ನಿರಾಳವಾಗಿ ಹೇಳುವ ಕಾಲ ಹೋಯಿತು. 2022ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು, ಯಾವ ಬಹುಮಾನವೂ ಇಲ್ಲದೆ ಬಂಬಲ್‌ಬೀಗಳು ಪುಟ್ಟ ಮರದ ಚೆಂಡುಗಳನ್ನು ಮತ್ತೆ ಮತ್ತೆ ಉರುಳಿಸುವುದನ್ನು ದಾಖಲಿಸಿದರು. ನೋಡಿದರೆ ಆಟದ ಹಾಗೆಯೇ ಇದೆ. 2024ರ ಏಪ್ರಿಲ್‌ನಲ್ಲಿ ಹಲವು ವಿಜ್ಞಾನಿಗಳು, ತತ್ತ್ವಜ್ಞಾನಿಗಳು ಸಹಿ ಹಾಕಿದ ನ್ಯೂಯಾರ್ಕ್ ಘೋಷಣೆ, ಕೀಟಗಳಿಗೂ ಅನುಭವ ಇರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು ಎನ್ನುತ್ತದೆ. ಸಾಬೀತಾಗಿದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಸಾಧ್ಯತೆ ಇದೆ ಎಂದಾದಾಗ, ನಮ್ಮ ಕಡೆ ಇರುವ ಕಾರಣ ಅರ್ಧ ಗಂಟೆ ಬೇಗ ಮುಟ್ಟುವುದಷ್ಟೇ ಆಗಿದ್ದರೆ, ತಕ್ಕಡಿ ಮೊದಲಿನ ಹಾಗೆ ನಿಲ್ಲುವುದಿಲ್ಲ.

ಈಗ ಇನ್ನೊಂದು ಮಗ್ಗುಲು. ಈಗ ಮೊದಲಿನಷ್ಟು ಹುಳು ಬಡಿಯುವುದಿಲ್ಲ ಎಂದು ಹಳೆಯ ಡ್ರೈವರುಗಳು ಹೇಳುವುದನ್ನು ನೀವೂ ಕೇಳಿರಬಹುದು. ಯುರೋಪಿನಲ್ಲಿ ಇದನ್ನು ಎಣಿಸಿದ್ದಾರೆ. ಡೆನ್ಮಾರ್ಕಿನ ಎರಡು ರಸ್ತೆಗಳಲ್ಲಿ 1997ರಿಂದ 2017ರವರೆಗೆ ಕಾರಿನ ಗಾಜಿಗೆ ಬಡಿದ ಹುಳುಗಳನ್ನು ಲೆಕ್ಕ ಹಾಕಿದಾಗ ಒಂದರಲ್ಲಿ 80, ಇನ್ನೊಂದರಲ್ಲಿ 97 ಪ್ರತಿಶತ ಇಳಿಕೆ ಕಂಡಿತು. ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ ತೂಗಿದ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ 75 ಪ್ರತಿಶತಕ್ಕೂ ಹೆಚ್ಚು ಕುಸಿದಿತ್ತು ಎಂಬ ವರದಿ 2017ರಲ್ಲಿ ಪ್ರಕಟವಾಯಿತು. ಆ ಅಂಕಿಗಳನ್ನು ಎತ್ತಿ ಕರಾಡದ ಕಬ್ಬಿನ ಹೊಲಕ್ಕೆ ಹಾಕುವಂತಿಲ್ಲ. ಆದರೂ ಅವು ನಮ್ಮ ಸಮಾಧಾನವನ್ನು ತಿರುವಿಹಾಕುತ್ತವೆ. ಆರು ನೂರು ಕಿಲೋಮೀಟರ್ ಓಡಿಯೂ ಬಾನೆಟ್ ಫಳಫಳ ಹೊಳೆಯುತ್ತಿದ್ದರೆ ಅದು ಕೋಟಿಂಗಿನ ಗುಣವೋ, ಹೊರಗೆ ಹಾರುವವರೇ ಇಲ್ಲವೋ?

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಕೀಟಗಳ ಕುಸಿತಕ್ಕೆ ಸಂಶೋಧಕರು ಮುಖ್ಯವಾಗಿ ಬೊಟ್ಟು ಮಾಡುವುದು ನೆಲೆಗಳ ನಾಶ, ಕೀಟನಾಶಕ, ಹವಾಮಾನ ಬದಲಾವಣೆಯಂಥ ಕಾರಣಗಳತ್ತ. ಒಬ್ಬರು ರಾತ್ರಿ ಓಡಿಸುವುದನ್ನು ಬಿಟ್ಟರೆ ಈಸಲು ಹುಳುವಿನ ವಂಶ ಉಳಿಯುತ್ತದೆ ಎನ್ನುವುದು ಬೂಟಾಟಿಕೆ. ಕಾರಿನ ಕಲೆಯ ಮಹತ್ವ ಅದರ ಸಂಖ್ಯೆಯಲ್ಲಿಲ್ಲ. ನಾವು ತಿನ್ನುವ ಅನ್ನದ ಹಿಂದೆ, ಉಡುವ ಹತ್ತಿಯ ಹಿಂದೆ ಸತ್ತ ಹುಳುಗಳು ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಇವು ಮಾತ್ರ ನಂಬರ್ ಪ್ಲೇಟಿಗೆ ಅಂಟಿಕೊಂಡು, ನಮ್ಮ ಹೆಸರಿನ ಮೇಲೇ ಬರುತ್ತವೆ.

ಹೊಳಪಿನ ಕಥೆಯೂ ಅಷ್ಟು ಮುಗ್ಧವಲ್ಲ. ನಯವಾದ, ಗಾಢ ಬಣ್ಣದ ಬಾನೆಟ್ಟಿನಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲ್ಮೈಯಿಂದ ಬಂದಂತೆಯೇ ಧ್ರುವೀಕೃತವಾಗಿರುತ್ತದೆ. ನೀರಿನಲ್ಲಿ ಮೊಟ್ಟೆಯಿಡುವ ಕೀಟಗಳು ಆ ಗುರುತನ್ನೇ ನಂಬುತ್ತವೆ. ಕೆಂಪು, ಕಪ್ಪು ಕಾರುಗಳು ಅವುಗಳನ್ನು ಹೆಚ್ಚು ಸೆಳೆಯುವುದನ್ನು ಹಂಗೇರಿಯ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಕೊಡತಿ ಹುಳುಗಳಂಥವು ಕಾರನ್ನು ಕೆರೆ ಎಂದುಕೊಂಡು ಮೊಟ್ಟೆಯಿಟ್ಟು ಹೋಗುವುದೂ ಉಂಟು. ಹುಳುವಿನಿಂದ ಕಾಪಾಡಲು ತಂದ ಹೊಳಪೇ ಹುಳುವಿಗೆ ಬಲೆಯಾಗುತ್ತದೆ.

ಹಾಗಂತ ಕಾರು ಮಾರಿ ಕುಳಿತುಕೊಳ್ಳಬೇಕೆಂದಲ್ಲ. ಊರಿನಲ್ಲಿ ಅಪ್ಪನಿಗೆ ಎದೆನೋವು ಎಂದು ಫೋನ್ ಬಂದರೆ ಮಧ್ಯರಾತ್ರಿಯೂ ಹೊರಡಬೇಕು, ಅಲ್ಲಿ ಹುಳುವಿನ ಲೆಕ್ಕ ಬರುವುದಿಲ್ಲ. ಆದರೆ ನಮ್ಮ ರಾತ್ರಿ ಪ್ರಯಾಣಗಳಲ್ಲಿ ಅಂಥವು ಎಷ್ಟು? ಹೆಚ್ಚಿನವು ಶುಕ್ರವಾರದ ಕೆಲಸ ಮುಗಿಸಿ ಒಂದು ದಿನದ ರಜೆ ಉಳಿಸಲು ಹೊರಟವು. ಮೊದಲ ಮಳೆಯ ಆ ಒಂದೆರಡು ವಾರ ಶನಿವಾರ ಬೆಳಗ್ಗೆ ಹೊರಡಬಹುದು. ಮುಸ್ಸಂಜೆ ಗದ್ದೆ, ಕೆರೆಗಳ ಪಕ್ಕ ವೇಗ ಇಳಿಸಬಹುದು. ಬಸ್ಸೋ ರೈಲೋ ಸಿಕ್ಕರೆ ಒಂದು ಕಾರಿನ ಮುಖ ಕಡಿಮೆಯಾಗುತ್ತದೆ. ಇವು ಮಹಾವ್ರತಗಳಲ್ಲ, ಹೊರಡುವ ಮೊದಲು ಎರಡು ನಿಮಿಷದಲ್ಲಿ ಮುಗಿಯುವ ಯೋಚನೆಗಳು. ಇಂಧನವೂ ಉಳಿಯುತ್ತದೆ, ನಿದ್ದೆಗಣ್ಣಿನ ಅಪಘಾತವೂ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹುಳು ಬಡಿಯುತ್ತವೆ. ಆಗ ಒದ್ದೆ ಬಟ್ಟೆ ಹಾಸಿ, ಹತ್ತು ನಿಮಿಷ ಕಾದು, ಮೆಲ್ಲಗೆ ಒರೆಸಬೇಕು. ಆ ಹತ್ತು ನಿಮಿಷದಲ್ಲಿ ಬೇರೆ ಕೆಲಸವೇನೂ ಇರುವುದಿಲ್ಲ. ಒರೆಸುವ ಮೊದಲು ಅಲ್ಲಿ ಏನೇನಿತ್ತು ಎಂದು ಒಮ್ಮೆ ನೋಡಬಹುದು: ಈಸಲು ಎಷ್ಟು, ಹಾತೆ ಎಷ್ಟು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ.